ನರಿಯೊಳಗಿನ ಹತ್ತೊಂಬತ್ತು ದಡಿ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ವರ್ಷ ಮೂರು ಬ್ರೌಸರ್‌ಗಳಿದ್ದವು. ಅವುಗಳ ನಿಜವಾದ ಹೆಸರನ್ನು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಬಣ್ಣಬಣ್ಣದ ದುಂಡು ಚಿತ್ರವಿದ್ದದ್ದು ಗಾಲಿ. ನೀಲಿ ಚಿತ್ರವಿದ್ದದ್ದು ನೀಲಿ. ಬಾಲ ಸುತ್ತಿಕೊಂಡು ಮಲಗಿದ್ದದ್ದು ನರಿ. ಗಾಲಿ ನನ್ನದು, ನೀಲಿ ಸರಕಾರದ್ದು, ನರಿ ನಮ್ಮ ಅಕ್ಕನದು. ಈ ಮೂರರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕೆಂದು ನಾನು ಹಟ ಹಿಡಿದೆ, ಅದರಿಂದ ಏನಾಯಿತು ಎಂಬುದನ್ನು ಬರೆಯುತ್ತಿದ್ದೇನೆ. ಬರೆದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಹಾಗೆ ಅನ್ನಿಸಿಲ್ಲ.

ನಾನು ಬನಹಟ್ಟಿಯವನು. ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಬಂದವರ ಆನ್‌ಲೈನ್ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಹಿಪ್ಪರಗಿಯ ಕಬ್ಬಿನವರು ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ಬೈಕಿನ ಮೇಲೆ ಬರುತ್ತಾರೆ, ಸಮೀರವಾಡಿಗೆ ಕೆಲಸಕ್ಕೆ ಹೋಗುವವರು ಪಿಎಫ್ ನೋಡಿಸಲು ಬರುತ್ತಾರೆ, ಕಾಲೇಜಿನ ಹುಡುಗಿಯರು ಸ್ಕಾಲರ್‌ಶಿಪ್ಪಿಗೆ ಬರುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಇದು ಓಣಿಗೆಲ್ಲ ಗೊತ್ತು. ಬಂದವರ ಮೇಲೆ ಸಿಟ್ಟು ಮಾಡಿದರೆ ಎದ್ದು ಆಚೆ ಓಣಿಯ ಸೆಂಟರಿಗೆ ಹೋಗುತ್ತಾರೆ. ಕಂಪ್ಯೂಟರಿನ ಮೇಲೆ ಮಾಡಿದರೆ ಅದಕ್ಕೆ ಕಿವಿಯಿಲ್ಲ. ಹೀಗಾಗಿ ನನ್ನ ಸಿಟ್ಟು ಒಳಮನೆಗೆ ಹೋಗುತ್ತಿತ್ತು. ಒಳಮನೆಯಲ್ಲಿ ಅಕ್ಕ ಇರುತ್ತಿದ್ದಳು.

ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡು ನಮ್ಮ ಮನೆಗೆ ವಾಪಸು ಬಂದವಳು. ಆಗ ನಮ್ಮಲ್ಲಿ ಮಗ್ಗಗಳಿದ್ದವು, ಅಪ್ಪ ನೇಯುತ್ತಿದ್ದ. ಅಕ್ಕ ಮಗ್ಗದ ಮೇಲೆ ಕೂರಲಿಲ್ಲ, ದಡಿ ಬರೆಯಲು ಕಲಿತಳು. ದಡಿ ಅಂದರೆ ಸೀರೆಯ ಅಂಚು. ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತ ಹೋಗಬೇಕು, ಒಂದು ಚೌಕಕ್ಕೆ ಒಂದು ಎಳೆ. ಆ ಹಾಳೆ ನೋಡಿಕೊಂಡು ನೇಕಾರ ಮಗ್ಗ ಹೊಂದಿಸುತ್ತಾನೆ. ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ಆ ತಪ್ಪು ಹೋಗುತ್ತದೆ.

ಅಕ್ಕನ ಹಾಳೆಯಲ್ಲಿ ತಪ್ಪು ಬಂದದ್ದನ್ನು ನಾನು ಕೇಳಿಲ್ಲ. ಆದರೆ ಇಪ್ಪತ್ತೈದು ವರ್ಷ ಅವಳು ಬರೆದದ್ದೆಲ್ಲ ಮಂದಿಯ ದಡಿ. ಅರಿವೆ ವ್ಯಾಪಾರದವರು ಯಾವುದೋ ಸೀರೆಯ ಗೇಣುದ್ದದ ತುಂಡು ತಂದುಕೊಟ್ಟು ಇದನ್ನು ಎರಡು ಬೆರಳು ಅಗಲ ಮಾಡು, ಇದರೊಳಗಿನ ಹೂವು ತೆಗೆದು ಚುಕ್ಕಿ ಹಾಕು ಎನ್ನುತ್ತಿದ್ದರು. ಅವಳು ಮಾಡಿಕೊಡುತ್ತಿದ್ದಳು. ತನ್ನದೆಂದು ಒಂದೂ ಬರೆದಿರಲಿಲ್ಲ.

ಆಮೇಲೆ ಅವಳ ಕಣ್ಣಿಗೆ ಶುಗರ್ ಇಳಿಯಿತು. ಮುಧೋಳದಲ್ಲಿ ತೋರಿಸಿದೆವು, ಅಲ್ಲಿಂದ ದೊಡ್ಡ ಊರಿಗೆ ಕಳಿಸಿದರು. ಎಡಗಣ್ಣು ಹೋದಂತೆಯೇ, ಬಲಗಣ್ಣಿನಲ್ಲಿ ದೃಷ್ಟಿ ಇದ್ದಷ್ಟು ದಿನ ಇರುತ್ತದೆ ಎಂದು ಡಾಕ್ಟರು ಹೇಳಿದರು. ಹಾಳೆಯ ಮೇಲಿನ ಗೆರೆ ಅವಳಿಗೆ ಕಾಣದಾಯಿತು. ವ್ಯಾಪಾರದವರು ಬರುವುದನ್ನು ಬಿಟ್ಟರು. ಅವಳು ಒಳಗೆ ಕುಳಿತು ಸುಮ್ಮನೆ ಬೆರಳುಗಳನ್ನು ಎಣಿಸಿಕೊಳ್ಳುತ್ತಿದ್ದಳು. ಅದನ್ನು ನೋಡಲಾಗದೆ ನಾನು ಒಂದು ದಿನ ಚೌಕ ತುಂಬುವ ಒಂದು ವೆಬ್‌ಸೈಟ್ ಹುಡುಕಿ ತೆಗೆದುಕೊಟ್ಟೆ. ನಾನು ಅವಳಿಗಾಗಿ ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಆ ಸೈಟಿಗೆ ಹೆಸರು ಬೇಡ, ಪಾಸ್‌ವರ್ಡ್ ಬೇಡ, ಫೋನ್ ನಂಬರ್ ಬೇಡ. ತೆರೆದರೆ ಚೌಕಗಳು, ಒತ್ತಿದರೆ ಬಣ್ಣ ತುಂಬುತ್ತದೆ, ಅಷ್ಟೇ. ಗಾಲಿಯಲ್ಲಿ ನನ್ನ ಕೆಲಸ ಇರುತ್ತಿತ್ತು, ಅದಕ್ಕೇ ಖಾಲಿ ಇದ್ದ ನರಿಯಲ್ಲಿ ತೆರೆದುಕೊಟ್ಟೆ. ಅಕ್ಷರ ದೊಡ್ಡದು ಮಾಡುವ ಗುಂಡಿ ಒತ್ತುತ್ತ ಹೋದೆವು, ಒಂದೊಂದು ಚೌಕ ಕೊಬ್ಬರಿ ತುಂಡಿನಷ್ಟಾಯಿತು. ಆಗ ಅವಳಿಗೆ ಕಂಡಿತು. ಮರುದಿನ ತೆರೆದರೂ ನರಿ ಅದೇ ಅಳತೆಯನ್ನು ನೆನಪಿಟ್ಟುಕೊಂಡು ತೋರಿಸಿತು. ಅಕ್ಕನಿಗೆ ಅದು ದೊಡ್ಡ ಸಮಾಧಾನ. ಇದಕ್ಕ ನನ್ನ ಕಣ್ಣು ಎಷ್ಟೈತಿ ಅನ್ನೋದು ಗೊತ್ತೈತಿ ಎನ್ನುತ್ತಿದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ಮಂದಿ ಕಡಿಮೆ. ಎರಡರಿಂದ ನಾಲ್ಕರವರೆಗೆ ಕಂಪ್ಯೂಟರ್ ಅವಳದು. ನಾನು ಊಟ ಮಾಡಿ ಅದೇ ಕೋಣೆಯ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಪರದೆಯ ಮೇಲೆ ಒಂದು ಸಲಕ್ಕೆ ದಡಿಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು, ಉಳಿದದ್ದನ್ನೆಲ್ಲ ಅವಳು ತಲೆಯಲ್ಲಿ ಹಿಡಿದುಕೊಂಡೇ ತುಂಬಬೇಕು. ಎರಡು ವರ್ಷದಲ್ಲಿ ಹತ್ತೊಂಬತ್ತು ದಡಿ ಬರೆದಳು. ಎಲ್ಲ ತನ್ನವು. ಯಾರೂ ಹೇಳಿದ್ದಲ್ಲ, ಯಾರದೂ ನಕಲಲ್ಲ. ಒಂದಕ್ಕೆ ಜೋಳದ ತೆನೆ ಎಂದು ಹೆಸರಿಟ್ಟಳು, ಒಂದಕ್ಕೆ ಕೋಳಿಕಾಲು. ಹತ್ತೊಂಬತ್ತನೆಯದಕ್ಕೆ ಗೇಟಿನ ನೀರು ಎಂದಳು. ಕಣ್ಣು ಚೆನ್ನಾಗಿದ್ದಾಗ ಒಮ್ಮೆ ಅವಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹಿಪ್ಪರಗಿಗೆ ಹೋಗಿದ್ದೆ. ಬ್ಯಾರೇಜಿನ ಗೇಟು ಎತ್ತಿದ್ದರು. ಅವಳು ಬಹಳ ಹೊತ್ತು ನಿಂತು ನೋಡಿದ್ದಳು, ಬಿಸಿಲು ಬಹಳ ಎಂದು ನಾನು ಗೊಣಗಿದ್ದೆ.

ಒಂದು ದಡಿ ಮುಗಿದಾಗಲೆಲ್ಲ ಬಾ, ನೋಡು ಎಂದು ಕರೆಯುತ್ತಿದ್ದಳು. ಆಮೇಲೆ ನೋಡುತ್ತೇನೆ ಎನ್ನುತ್ತಿದ್ದೆ. ಆ ಆಮೇಲೆ ಎಂದೂ ಬರಲಿಲ್ಲ. ನಾಲ್ಕು ಹೊಡೆದರೆ ಬಾಗಿಲಲ್ಲಿ ಯಾರಾದರೂ ಚಪ್ಪಲಿ ಬಿಡುತ್ತಿದ್ದರು, ನಾನು ನರಿಯನ್ನು ಮುಚ್ಚಿ ಗಾಲಿ ತೆರೆಯುತ್ತಿದ್ದೆ.

ಅಕ್ಕನಿಗೆ ಒಂದೇ ಆಸೆಯಿತ್ತು. ಬಲಗಣ್ಣು ಇರುವಷ್ಟರಲ್ಲಿ ತನ್ನ ದಡಿಯ ಒಂದು ಸೀರೆ ನೇಯ್ದದ್ದನ್ನು ನೋಡಬೇಕು. ಒಂದೇ ಸಾಕು. ನಮ್ಮ ಮಗ್ಗಗಳು ಅಪ್ಪನ ಕಾಲಕ್ಕೇ ಮಾರಿಹೋಗಿದ್ದವು. ಪಕ್ಕದ ಮನೆಯ ಕಾಕಾನದು ಎರಡು ಮಗ್ಗ. ಸಂಬಂಧಿಯಲ್ಲ, ಆದರೆ ಹುಟ್ಟಿದಾಗಿನಿಂದ ಕಾಕಾ ಅಂತಲೇ ಕರೆದವರು ನಾವು. ಅವಳು ಹೋಗಿ ಕೇಳಿದಳು. ಅವನು ಮಾತು ಕಡಿಮೆಯ ಮನುಷ್ಯ, ಇಲ್ಲ ಎನ್ನಲಿಲ್ಲ.

“ಈಗಿನ ಹಾಸ ಮುಗೀಲಿ ತಂಗಿ. ಹೊಸಾ ಹಾಸಿನ ಮ್ಯಾಲ ಮೊದಲ ನಿನ್ನ ದಡಿ ಕೂಡಸ್ತೇನಿ. ಗೇಟಿನ ನೀರನ ಮಾಡೂಣು.”

ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು. ಅದು ಮುಗಿಯಲು ಇನ್ನೂ ಇಪ್ಪತ್ತು ದಿನವಾದರೂ ಬೇಕಿತ್ತು. ಅಕ್ಕ ದಿನಾ ಗೋಡೆಯಾಚೆಯ ಮಗ್ಗದ ಸಪ್ಪಳ ಕೇಳುತ್ತ, ಇವತ್ತು ಜೋರು ನಡೆದಿದೆ, ಇವತ್ತು ಕರೆಂಟು ಹೋಗಿ ನಿಂತಿದೆ ಎಂದು ಲೆಕ್ಕ ಹಾಕುತ್ತಿದ್ದಳು. ಆ ಇಪ್ಪತ್ತು ದಿನದಲ್ಲೇ ನನಗೆ ಬ್ರೌಸರ್ ಆರಿಸುವ ಹುಚ್ಚು ಹಿಡಿಯಿತು.

ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಮೂರನ್ನೂ ತೆರೆದಿಟ್ಟರೆ ಕಂಪ್ಯೂಟರ್ ಉಬ್ಬಸ ಬಂದವರಂತೆ ಏದುತ್ತಿತ್ತು. ಒಬ್ಬರ ಪಾಸ್‌ವರ್ಡ್ ಗಾಲಿಯಲ್ಲಿ ಉಳಿದಿರುತ್ತಿತ್ತು, ಅವರ ಅರ್ಜಿ ನೀಲಿಯಲ್ಲಿ ತೆರೆದಿರುತ್ತಿತ್ತು. ಬೀಳಗಿ ಕಡೆಯ ಒಬ್ಬ ಹುಡುಗಿಯ ಸ್ಕಾಲರ್‌ಶಿಪ್ ಅರ್ಜಿಯನ್ನು ನೀಲಿಯಲ್ಲಿ ಅರ್ಧ ತುಂಬಿ, ಫೋಟೊ ಹಾಕಲು ಗಾಲಿಗೆ ಹೋಗಿ, ವಾಪಸು ಬರುವಷ್ಟರಲ್ಲಿ ಎಲ್ಲ ಅಳಿಸಿಹೋಗಿತ್ತು. ಅವತ್ತೇ ಕಡೆಯ ದಿನ. ಆ ಹುಡುಗಿ ಅಳಲಿಲ್ಲ, ನನ್ನನ್ನೇ ನೋಡುತ್ತ ಕುಳಿತಳು. ಮತ್ತೆ ಮೊದಲಿನಿಂದ ತುಂಬಿ ಹೇಗೋ ಕಳಿಸಿದೆ. ಅವಳು ಹೋದ ಮೇಲೆ ಕೀಬೋರ್ಡ್ ಎತ್ತಿ ಕುಕ್ಕಿದೆ, ಎರಡು ಗುಂಡಿ ಕಿತ್ತು ಬಂದವು.

ಜಮಖಂಡಿಯಲ್ಲಿ ನಮ್ಮ ಕಂಪ್ಯೂಟರ್ ರಿಪೇರಿ ಮಾಡುವವನಿದ್ದಾನೆ. ಗುಂಡಿ ಹಾಕಿಸಲು ಹೋದಾಗ ಎಲ್ಲ ಹೇಳಿಕೊಂಡೆ. ಒಂದು ಮನೆಗೆ ಮೂರು ಒಲೆ ಯಾಕೆ ಬೇಕು, ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಯಿರಿ ಎಂದ. ಯಾವುದು ಇಟ್ಟುಕೊಳ್ಳಲಿ ಎಂದರೆ ಅದು ನಿಮ್ಮ ಕೆಲಸದ ಮೇಲೆ ಎಂದು ನಕ್ಕ.

ನನ್ನ ಹೆಂಡತಿಯನ್ನು ಹೆಣ್ಣು ನೋಡಲು ಹೋದಾಗಲೂ ನಾನು ಅಷ್ಟು ವಿಚಾರ ಮಾಡಿರಲಿಲ್ಲ. ಹತ್ತು ದಿನ ನೋಟುಬುಕ್ಕಿನಲ್ಲಿ ಮೂರು ಕಾಲಂ ಹಾಕಿ ಬರೆದೆ. ನೀಲಿ ಕಂಪ್ಯೂಟರಿನ ಜೊತೆಗೇ ಬಂದದ್ದು. ಹಳೆಯ ಸರಕಾರಿ ಪುಟಗಳು ಅದರಲ್ಲೇ ಸರಿಯಾಗಿ ತೆರೆಯುತ್ತಿದ್ದವು. ಆದರೆ ಕೇಳಲಿ ಬಿಡಲಿ, ಎಲ್ಲದಕ್ಕೂ ತಾನೇ ಮುಂದೆ ಬಂದು ನಿಲ್ಲುತ್ತಿತ್ತು. ಗಾಲಿ ಚುರುಕು. ಹೆಬ್ಬೆರಳು ಒತ್ತುವ ಯಂತ್ರವನ್ನು ಹಿಡಿಯುತ್ತದೆ, ಫೋನಿನಲ್ಲಿ ನೋಡಿದ್ದು ಇಲ್ಲಿ, ಇಲ್ಲಿ ನೋಡಿದ್ದು ಫೋನಿನಲ್ಲಿ ಬರುತ್ತದೆ. ಆದರೆ ಅದಕ್ಕೆ ನನ್ನ ಎಲ್ಲವೂ ಗೊತ್ತು. ಒಮ್ಮೆ ಮಂಡಿನೋವಿನ ಎಣ್ಣೆ ಹುಡುಕಿದ್ದಕ್ಕೆ ತಿಂಗಳುಗಟ್ಟಲೆ ಎಣ್ಣೆಯನ್ನೇ ತೋರಿಸಿತು, ಬಂದವರೆಲ್ಲ ಮಂಡಿ ಹೇಗಿದೆ ಎಂದು ಕೇಳಿದರು. ನರಿ ಹಗುರ. ನೀನು ಯಾರು ಎಂದು ಕೇಳುವುದಿಲ್ಲ, ಸುಮ್ಮನಿರುತ್ತದೆ. ನಿಜ ಹೇಳಬೇಕೆಂದರೆ ನನ್ನ ಸ್ವಂತಕ್ಕೆ ಹಿಡಿಸಿದ್ದು ನರಿಯೇ. ಆದರೆ ನನ್ನ ಹೆಬ್ಬೆರಳು ಯಂತ್ರ ನರಿಯಲ್ಲಿ ಕೆಲಸ ಮಾಡಲಿಲ್ಲ. ಎರಡು ದಿನ ಗುದ್ದಾಡಿದೆ, ಆಗಲೇ ಇಲ್ಲ. ಹೊಟ್ಟೆಯ ಕೆಲಸ ನಡೆಯುವುದು ಗಾಲಿಯಲ್ಲಿ. ನೀಲಿಯನ್ನು ತೆಗೆಯಲು ಬರುವುದಿಲ್ಲ, ಅದನ್ನು ಕಾಣದ ಹಾಗೆ ಮೂಲೆಗೆ ಸರಿಸಿದೆ. ಹೋಗಬೇಕಾದದ್ದು ನರಿ ಎಂದಾಯಿತು.

ಅಕ್ಕನಿಗೆ ಹೇಳಿದೆ. ನಿನ್ನ ಪುಟವನ್ನು ಗಾಲಿಗೆ ತರುತ್ತೇನೆ, ಅಲ್ಲಿಯೂ ಹೀಗೇ ದೊಡ್ಡದಾಗಿ ಕಾಣುತ್ತದೆ ಎಂದೆ. ಅವಳು, ನನ್ನ ದಡಿಯೆಲ್ಲ ಬರುತ್ತವೆಯೇ ಎಂದು ಕೇಳಿದಳು. ಬರುತ್ತವೆ ಎಂದೆ. ಸಂಜೆ ಮತ್ತೆ ಅದನ್ನೇ ಕೇಳಿದಳು. ಮರುದಿನ ಮುಂಜಾನೆ ಚಹಾ ಕೊಡುವಾಗ ಮೂರನೇ ಸಲ ಕೇಳಿದಳು.

“ಎಷ್ಟ ಸಲ ಹೇಳಬೇಕು ನಿನಗ? ಎಲ್ಲಾ ಬರತಾವ ಅಂದೆ ಇಲ್ಲೋ? ಕಂಪ್ಯೂಟರ್ ನಿನಗ ತಿಳಿತೈತೋ ನನಗೋ?”

ಅವಳು ಚಹಾದ ಕಪ್ಪು ಇಟ್ಟು ಒಳಗೆ ಹೋದಳು. ಮತ್ತೆ ಕೇಳಲಿಲ್ಲ. ನಾಲ್ಕನೇ ಸಲ ಕೇಳಿದ್ದರೆ ನಾನು ಒಮ್ಮೆ ತೆರೆದು ನೋಡುತ್ತಿದ್ದೆನೇನೋ.

ಅಮಾವಾಸ್ಯೆ ಬಂತು. ನಮ್ಮ ಊರಿನಲ್ಲಿ ಅಮಾವಾಸ್ಯೆಗೆ ಮಗ್ಗ ನಡೆಸುವುದಿಲ್ಲ. ತಿಂಗಳೆಲ್ಲ ಕಿವಿಗೆ ಬೀಳುವ ಸಪ್ಪಳ ಅವತ್ತು ನಿಂತು, ಓಣಿಯಲ್ಲಿ ಮಾತಾಡಿದ್ದು ಓಣಿಗೆಲ್ಲ ಕೇಳುತ್ತದೆ. ಮುಂಜಾನೆ ಎದ್ದು ಮಗ್ಗದ ಸಂದಿಗೊಂದಿಯಲ್ಲಿ ಕೂತ ನೂಲಿನ ಹಿಂಜು, ಜಿಡ್ಡು ಎಲ್ಲ ತೆಗೆದು, ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಅಪ್ಪ ಇದರಲ್ಲಿ ಬಹಳ ಕಟ್ಟುನಿಟ್ಟು. ಹಳೆಯ ಹಿಂಜಿನ ಒಂದು ಎಳೆ ಉಳಿದಿದ್ದರೂ ನಮ್ಮ ಕೈಯಲ್ಲಿ ಮತ್ತೆ ಒರೆಸಿಸುತ್ತಿದ್ದ. ಮಗ್ಗಗಳನ್ನು ಮಾರಿದ ದಿನವೂ ಹಾಗೆಯೇ ಕಳಿಸಲಿಲ್ಲ. ಟ್ರ್ಯಾಕ್ಟರಿನವನನ್ನು ಹೊರಗೆ ಎರಡು ತಾಸು ನಿಲ್ಲಿಸಿ, ಎಲ್ಲ ಬಿಚ್ಚಿ ಒರೆಸಿದ. ಮನೆಯಿಂದ ಹೋಗುವ ಮಗ್ಗ ನಮ್ಮ ಹೊಲಸು ಹೊತ್ತುಕೊಂಡು ಹೋಗಬಾರದು ಎನ್ನುವುದು ಅವನ ಮಾತು.

ಮಗ್ಗ ಹೋದ ಮೇಲೆ ಆ ಅಮಾವಾಸ್ಯೆಯ ಕೆಲಸವನ್ನು ನಾನು ಕಂಪ್ಯೂಟರಿಗೆ ಮಾಡುತ್ತ ಬಂದಿದ್ದೇನೆ. ಹೊರಗಿನ ಧೂಳು ಊದಿ, ಅರಿವೆಯಿಂದ ಒರೆಸಿ, ಡಬ್ಬಿಗೆ ವಿಭೂತಿ ಹಚ್ಚಿ, ಆಮೇಲೆ ಒಳಗಿನದನ್ನೂ ತೆಗೆಯುತ್ತೇನೆ. ಅವತ್ತು ಮೊದಲು ನರಿಯಲ್ಲಿದ್ದ ಪುಟದ ವಿಳಾಸಗಳನ್ನು ಗಾಲಿಗೆ ತರುವ ಗುಂಡಿ ಒತ್ತಿದೆ. ಎಲ್ಲ ಬಂತು ಎಂದು ಹಸಿರು ಗುರುತು ತೋರಿಸಿತು. ಗಾಲಿಯ ಮೇಲುಸಾಲಿನಲ್ಲಿ ಅಕ್ಕನ ಸೈಟಿನ ಹೆಸರು ಬಂದು ಕುಳಿತಿತ್ತು, ಅದನ್ನು ನೋಡಿದೆ. ಒತ್ತಿ ನೋಡಲಿಲ್ಲ.

ಆಮೇಲೆ ನರಿಯನ್ನು ತೆಗೆಯಲು ಹೋದವನು ತಡೆದು ನಿಂತೆ. ಹಾಗೇ ಹೇಗೆ ಕಳಿಸುವುದು ಎನ್ನಿಸಿತು. ಅಪ್ಪ ಕಲಿಸಿದ್ದು ಕೈಯಲ್ಲೇ ಇತ್ತು. ನರಿಯೊಳಗೆ ಹೋಗಿ, ಇದುವರೆಗಿನ ಎಲ್ಲವನ್ನೂ ಅಳಿಸುವ ಜಾಗ ತೆರೆದು, ಅಲ್ಲಿದ್ದ ಎಲ್ಲ ಸಾಲುಗಳಿಗೂ ಗುರುತು ಹಾಕಿದೆ. ಒಂದನ್ನೂ ಬಿಡಲಿಲ್ಲ. ಸೈಟುಗಳು ಇಟ್ಟುಕೊಂಡ ದತ್ತಾಂಶ ಎಂದೇನೋ ಒಂದಿತ್ತು, ಅದಕ್ಕೂ ಹಾಕಿದೆ. ಖಚಿತವೇ ಎಂದು ಕೇಳಿತು. ಹೌದು ಎಂದೆ. ನಾಲ್ಕೈದು ಸೆಕೆಂಡು ಹಿಡಿಯಿತು. ಒರೆಸಿ ಸ್ವಚ್ಛ ಮಾಡಿ, ಆಮೇಲೆ ನರಿಯನ್ನು ತೆಗೆದು, ಊದಿನಕಡ್ಡಿ ಬೆಳಗಿ ಕೈಮುಗಿದೆ. ಮನಸ್ಸಿಗೆ ಬಹಳ ಹಿತವೆನ್ನಿಸಿತು.

ಆ ವಾರ ಅಕ್ಕನಿಗೆ ಮೈಯಲ್ಲಿ ಹುಷಾರಿರಲಿಲ್ಲ, ಕಂಪ್ಯೂಟರಿನ ಹತ್ತಿರ ಬರಲಿಲ್ಲ. ಎಂಟನೆಯ ದಿನ ಕಾಕಾ ಬಾಗಿಲಲ್ಲಿ ಬಂದು ನಿಂತ. ನಾಳೆ ಹಾಸು ಮುಗಿಯುತ್ತದೆ, ದಡಿಯ ಹಾಳೆ ಕೊಡು ಎಂದ. ಅಕ್ಕ ಒಳಗಿನಿಂದಲೇ ಹಿಗ್ಗಿನಿಂದ, ಹತ್ತೊಂಬತ್ತನೇದು, ಕೆಳಗಿಂದ ಮೊದಲನೇದು ಎಂದಳು. ನಾನು ಗಾಲಿ ತೆರೆದು ಆ ಹೆಸರನ್ನು ಒತ್ತಿದೆ.

ಪುಟ ಬಂತು. ಚೌಕಗಳು ಬಂದವು, ಎಲ್ಲ ಖಾಲಿ. ಎಡಗಡೆ ಅವಳ ದಡಿಗಳ ಪಟ್ಟಿ ಇರಬೇಕಾದಲ್ಲಿ ಇನ್ನೂ ಏನೂ ಇಲ್ಲ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಸಣ್ಣ ಅಕ್ಷರದ ಒಂದು ಸಾಲು. ನಿಮ್ಮ ಚಿತ್ರಗಳು ಈ ಬ್ರೌಸರ್‌ನಲ್ಲಿ ಮಾತ್ರ ಉಳಿದಿರುತ್ತವೆ ಎಂದು ಅದರರ್ಥ. ಆ ಸಾಲು ಎರಡು ವರ್ಷದಿಂದ ಅಲ್ಲೇ ಇತ್ತು. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತದೆ. ಮಂದಿಗೆ ಇಂಗ್ಲಿಷ್ ಅರ್ಜಿ ಓದಿ ಹೇಳಿಯೇ ನಾನು ಊಟ ಮಾಡುತ್ತೇನೆ.

ಪ್ರಿಂಟರಿನ ಇಂಕು ಮುಗಿದಿದೆ, ನಾಳೆ ಕೊಡುತ್ತೇನೆ ಎಂದು ಕಾಕಾನಿಗೆ ಸುಳ್ಳು ಹೇಳಿದೆ. ಅವನು ಹೋದ. ಅಕ್ಕ ಬಂದು ಬೆನ್ನ ಹಿಂದೆ ನಿಂತು, ತೆರೆದಿದೆಯೇ, ಗೇಟಿನ ನೀರು ಕಾಣುತ್ತದೆಯೇ ಎಂದಳು. ಕಾಣುತ್ತದೆ ಎಂದು ಪರದೆ ಆರಿಸಿದೆ.

ಮರುದಿನ ಕಂಪ್ಯೂಟರಿನ ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು ಜಮಖಂಡಿಗೆ ಹೋದೆ. ರಿಪೇರಿಯವನು ಅರ್ಧ ದಿನ ಕೂತು ಏನೇನೋ ಹಾಕಿ ತೆಗೆದು ನೋಡಿದ. ಕೊನೆಗೆ ಕುರ್ಚಿಗೆ ಒರಗಿ ಕೈಚೆಲ್ಲಿದ.

“ಅಣ್ಣಾರ, ಬರೇ ನಿಮ್ಮ ನರಿ ತಗದ ಹಾಕಿದ್ರ ಅವು ಒಳಗ ಉಳೀತಿದ್ದುವು, ಹುಡುಕಿ ಕೊಡತಿದ್ದೆ. ನೀವು ಒರಸೀರಿ. ತಗಿಯೂದಕ್ಕ ಒರಸೂದ್ಯಾಕರಿ? ಯಾರೂ ಹಂಗ ಮಾಡೂದಿಲ್ಲ.”

ಮಾರಿದ ಮಗ್ಗವನ್ನು ಒರೆಸಿ ಕಳಿಸಿದ ಅಪ್ಪನ ವಿಷಯ ಅವನಿಗೆ ಹೇಗೆ ಹೇಳುವುದು. ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಮುಂದೆ ಹೋಗಲೂ ಮನಸ್ಸಿಲ್ಲದೆ ಅವುಗಳ ಧೂಳು ಕುಡಿಯುತ್ತ ಬಂದೆ. ದಾರಿಯುದ್ದಕ್ಕೂ ನನಗೆ ನನ್ನ ಮೇಲೆ ಅಸಹ್ಯ ಹುಟ್ಟಿತ್ತು.

ಮತ್ತೆ ಮೂರು ದಿನ ಸುಳ್ಳು ಹೇಳಿದೆ. ಇಂಕು ಬಂದಿಲ್ಲ, ಹಾಳೆ ಸಿಕ್ಕಿಲ್ಲ, ಕರೆಂಟಿಲ್ಲ. ಕಾಕಾನ ಮಗ್ಗ ನಿಂತಿತ್ತು. ಗೋಡೆಯಾಚೆ ಒಂದೇ ಮಗ್ಗದ ಸಪ್ಪಳ ಬರುತ್ತಿತ್ತು, ಅದನ್ನು ಅಕ್ಕನೂ ಕೇಳುತ್ತಿದ್ದಳು. ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ ಅವಳೇ ಕೇಳಿದಳು.

“ಖರೆ ಹೇಳ ತಮ್ಮಾ. ಅದಾವೋ, ಹೋಗ್ಯಾವೋ?”

ಹೋಗಿವೆ ಎಂದೆ. ಎಲ್ಲ ಹೇಳಿದೆ, ಒರೆಸಿದ್ದನ್ನೂ ಹೇಳಿದೆ. ಅವಳು ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ನನ್ನ ಹೆಂಡತಿ ಒಲೆಯ ಹತ್ತಿರ ಕುಳಿತು ಅಳತೊಡಗಿದಳು. ಅಕ್ಕ ಅಳಲಿಲ್ಲ. ಹತ್ತೊಂಬತ್ತೂ ಹೋದವೇ ಎಂದು ಒಮ್ಮೆ ಕೇಳಿ, ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟಳು. ತಾಟನ್ನು ಸರಿಸಿ, ಗೇಟಿನ ನೀರು ಇನ್ನೂ ತಲೆಯಲ್ಲಿದೆ, ನಾನು ಹೇಳುತ್ತೇನೆ, ನೀನು ತುಂಬು ಎಂದಳು.

ನರಿಯನ್ನು ಮತ್ತೆ ತಂದು ಹಾಕಿದೆ. ಗಾಲಿಯಲ್ಲೂ ತುಂಬಬಹುದಿತ್ತು, ಆದರೆ ಅವಳು ನರಿಯೇ ಇರಲಿ ಎಂದಳು. ಅದು ಹೊಸಬರನ್ನು ಸ್ವಾಗತಿಸುವಂತೆ ಸ್ವಾಗತಿಸಿತು. ಅಕ್ಷರ ಸಣ್ಣವಾಗಿದ್ದವು, ಅವಳ ಕಣ್ಣಿನ ಅಳತೆ ಅದಕ್ಕೂ ಮರೆತಿತ್ತು. ಅವಳು ನನ್ನ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ಹೇಳುತ್ತ ಹೋದಳು. ಮೂರು ಬಿಡು, ಎರಡು ತುಂಬು, ಒಂದು ಬಿಡು, ಐದು ತುಂಬು. ಮೊದಲ ಹನ್ನೆರಡು ಸಾಲು ಸರಾಗ ಬಂದವು. ಹದಿಮೂರನೆಯ ಸಾಲಿಗೆ ನಿಂತಳು. ಹಿಂದಕ್ಕೆ ಹೋಗು ಎಂದಳು. ಒಂಬತ್ತನೇ ಸಾಲಿನಲ್ಲಿ ಎಷ್ಟು ಹಾಕಿದ್ದೇನೆ ಎಂದು ಕೇಳಿದಳು. ನಾನು ಎಣಿಸಿ ಹೇಳಿದೆ. ಹಾಗಿರಲಿಲ್ಲ ಎಂದಳು. ಹೇಗಿತ್ತು ಎಂದರೆ ಹೇಳಲಾಗಲಿಲ್ಲ. ಬೆರಳುಗಳು ಮೇಜಿನ ಮೇಲೆ ಓಡಾಡುತ್ತಿದ್ದವು. ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಬರುತ್ತಿರಲಿಲ್ಲ.

ಎರಡು ದಿನ ಹೀಗೆ ಮಾಡಿದೆವು. ಹದಿಮೂರನೆಯ ಸಾಲನ್ನು ಎಷ್ಟು ಸಲ ತುಂಬಿ ಅಳಿಸಿದೆನೋ ಗೊತ್ತಿಲ್ಲ. ಎರಡನೇ ದಿನ ಸಂಜೆ, ಮಂದಿ ಹೊರಗೆ ಕಾಯುತ್ತಿರುವಾಗ, ಅವಳು ಎದ್ದು ಕುರ್ಚಿಯನ್ನು ಒಳಗೆ ಸರಿಸಿ, ಸಾಕು ಬಿಡು, ನಿನ್ನ ಕೆಲಸ ನೋಡಿಕೋ ಎಂದಳು. ಆ ರಾತ್ರಿಯೇ ಬಲಗಣ್ಣಿನಲ್ಲಿ ರಕ್ತ ಇಳಿಯಿತು. ಮುಂಜಾನೆ ಎದ್ದಾಗ ಅವಳಿಗೆ ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಮಾತ್ರ ಕಾಣುತ್ತಿತ್ತು. ಡಾಕ್ಟರು ಇದು ಹೀಗೆ ಆಗುವುದೇ ಇತ್ತು, ನಿಮ್ಮ ತಪ್ಪಲ್ಲ ಎಂದರು. ನನಗೆ ಅದು ಸಮಾಧಾನವಾಗಲಿಲ್ಲ.

ಕಾಕಾ ಆ ಹನ್ನೆರಡು ಸಾಲುಗಳನ್ನೇ ನನ್ನಿಂದ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದ. ಹೊಸ ಹಾಸಿನ ಮೇಲೆ ವ್ಯಾಪಾರದವರ ದಡಿಯನ್ನೇ ಕೂಡಿಸಬೇಕಾಯಿತು, ಅವನಾದರೂ ಎಷ್ಟು ದಿನ ಮಗ್ಗ ನಿಲ್ಲಿಸಿಯಾನು. ಆದರೆ ಅದಕ್ಕೂ ಮೊದಲು, ಮುಗಿದ ಹಾಸಿನ ತುದಿಯಲ್ಲಿ ಸೀರೆಗೆ ಸಾಲದಷ್ಟು ನೂಲು ಉಳಿದಿರುತ್ತದಲ್ಲ, ಹೊಸದನ್ನು ಗಂಟು ಹಾಕಲು ಬೇಕಾದಷ್ಟು ಬಿಟ್ಟು, ಉಳಿದದ್ದರಲ್ಲಿ ಒಂದು ಗೇಣು ನೇಯ್ದು ತಂದ. ಆ ಹನ್ನೆರಡು ಸಾಲುಗಳನ್ನೇ ಮತ್ತೆ ಮತ್ತೆ ಹಾಕಿದ್ದ. ಅಕ್ಕನ ಕೈಯಲ್ಲಿ ಕೊಟ್ಟು ಹೋದ.

ಅವಳು ಅದನ್ನು ಹಿಡಿದುಕೊಂಡು ಕಿಟಕಿಯ ಬೆಳಕಿನ ಹತ್ತಿರ ಹೋದಳು. ಹೊರಳಿಸಿ ಹೊರಳಿಸಿ ಕಣ್ಣಿನ ಹತ್ತಿರ ತಂದಳು. ಆಮೇಲೆ ಕಣ್ಣಿಂದ ದೂರ ಮಾಡಿ, ಹೆಬ್ಬೆರಳಿನಿಂದ ದಡಿಯನ್ನು ನಿಧಾನವಾಗಿ ಸವರತೊಡಗಿದಳು. ಯಾವ ಬಣ್ಣ ಹಾಕಿದ್ದಾನೆ ಎಂದು ಕೇಳಿದಳು. ಕರಿಯ ಮೈಗೆ ಕೆಂಪು ದಡಿ, ಬಿಳಿ ಎಳೆ ಎಂದೆ. ಛಲೋ ಮಾಡಿದ್ದಾನೆ ಎಂದಳು.

“ನಾ ಬರದಿದ್ದೆನಲ್ಲಾ, ಹಂಗ ಐತೇನ ತಮ್ಮಾ?”

“ಹಂಗ ಐತೆಕ್ಕಾ. ಥೇಟ್ ಹಂಗ ಐತಿ.”

ಅವಳ ಬೆರಳು ದಡಿಯ ಮೇಲೆ ನಿಂತಿತು. ಮುಖದಲ್ಲಿ ಸಿಟ್ಟಿರಲಿಲ್ಲ.

“ನೀ ಯಾವತ್ತ ನೋಡೀದಿ?”

ಹತ್ತೊಂಬತ್ತರಲ್ಲಿ ಒಂದನ್ನೂ ನಾನು ನೋಡಿರಲಿಲ್ಲ. ಎರಡು ವರ್ಷ, ನಾಲ್ಕು ಮೊಳ ದೂರದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅವಳು ಬರೆದದ್ದು ಹೇಗಿತ್ತು ಎಂದು ಈಗ ಈ ಭೂಮಿಯ ಮೇಲೆ ಹೇಳಬಲ್ಲವರು ಯಾರೂ ಇಲ್ಲ. ಕುಳಿತಲ್ಲೇ ನನಗೆ ಅಳು ಬಂತು. ಅವಳು ಆ ಗೇಣುದ್ದದ ಅರಿವೆಯನ್ನು ಎರಡು ಮಡಿಕೆ ಮಾಡಿ, ನನ್ನ ಕೈಯನ್ನು ಹುಡುಕಿ, ಅದರೊಳಗೆ ಇಟ್ಟಳು.

“ತಗೋ. ಇದನ್ನರ ನೋಡು.”